ಪದಗೋಡೆ ಮಕ್ಕಳ ಕೈಗೆ ಎಟುಕಲಿ

ಬೋಧನಾಭ್ಯಾಸದ ಮೊದಲ ವಾರ, ಮೂರನೇ ತರಗತಿಯ ಗೋಡೆಗೆ 40 ಪದಗಳನ್ನು ಅಂದವಾಗಿ ಬರೆದು ಅಂಟಿಸಿದ್ದೆ. ಉಕ್ತಲೇಖನದಲ್ಲಿ ಒಬ್ಬ ಹುಡುಗಿ ‘ಹಗ್ಗ’ವನ್ನು ‘ಹಗ’ ಎಂದು ಬರೆದಳು. ಆ ಪದ ಗೋಡೆಯ ಮೇಲೆಯೇ ಇತ್ತು. “ನೋಡಲಿಲ್ವೇನಮ್ಮ?” ಎಂದೆ. “ಅದು ನೀವು ಬರೆದಿದ್ದಲ್ವಾ ಮಿಸ್?” ಎಂದಳು. ಗೋಡೆ ನನ್ನದಾಗಿತ್ತು, ಮಕ್ಕಳದಾಗಿರಲಿಲ್ಲ.

ಮರುದಿನ ಎಲ್ಲವನ್ನೂ ತೆಗೆದು, ಮಕ್ಕಳ ಎತ್ತರಕ್ಕೆ ಎರಡು ದಾರ ಕಟ್ಟಿದೆ. ಒಂದು ಸಜಾತೀಯ ಒತ್ತಕ್ಷರಕ್ಕೆ: ಅಕ್ಕ, ಹಗ್ಗ, ಬೆಕ್ಕು. ಇನ್ನೊಂದು ವಿಜಾತೀಯಕ್ಕೆ: ಪುಸ್ತಕ, ಚಕ್ರ, ಹಸ್ತ. ವಾರಕ್ಕೆ ಐದೇ ಪದ. ಪಾಠದಿಂದ ಆರಿಸಿ ಮಿಂಚುಪಟ್ಟಿಯಲ್ಲಿ ಬರೆಯುವವರು ಮಕ್ಕಳೇ. ದಿನಕ್ಕೆ ಐದು ನಿಮಿಷದ ಆಟ: ಒಬ್ಬರು ಸುಳಿವು ಕೊಡುತ್ತಾರೆ, ಇನ್ನೊಬ್ಬರು ಪಟ್ಟಿ ಹುಡುಕಿ ವಾಕ್ಯ ಹೇಳಿ, ಸರಿಯಾದ ದಾರಕ್ಕೆ ಸಿಕ್ಕಿಸುತ್ತಾರೆ. ಉಕ್ತಲೇಖನದ ನಂತರ ತಪ್ಪನ್ನು ಗೋಡೆ ನೋಡಿ ತಾವೇ ತಿದ್ದುತ್ತಾರೆ. ಎಲ್ಲರಿಗೂ ಬಂದ ಪದ ಡಬ್ಬಿಗೆ ಹೋಗುತ್ತದೆ; ಗೋಡೆ ತುಂಬಿದರೆ ಯಾವುದೂ ಕಣ್ಣಿಗೆ ಬೀಳದು.

ಕೊನೆಯ ವಾರ ಅದೇ ಹುಡುಗಿ ‘ಅಜ್ಜಿ’ ಎಂದು ಬರೆದು ತಂದಳು. ಯಾವ ದಾರಕ್ಕೆಂದು ನನ್ನನ್ನು ಕೇಳಲಿಲ್ಲ.