ಈದ್ ಖರೀದಿಗೆ ಮೊದಲು ಉದ್ರಿ ಲೆಕ್ಕ
(ರಮಝಾನಿನ ಕೊನೆಯ ಜುಮಾ ಭಾಷಣದ ಸಾರಾಂಶ)



ರಮಝಾನಿನ ಕೊನೆಯ ಹತ್ತು ದಿನ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಮ್ಮ ಮನೆಗಳಲ್ಲಿ ಸಾಮಾನಿನ ಚೀಟಿ ಸಿದ್ಧವಾಗುತ್ತದೆ: ಶ್ಯಾವಿಗೆ, ಸಕ್ಕರೆ, ತುಪ್ಪ, ಗೋಡಂಬಿ, ಖರ್ಜೂರ, ಮಕ್ಕಳಿಗೆ ಬಟ್ಟೆ, ಬಳೆ, ಅತ್ತರ್. ಇದು ತಪ್ಪಲ್ಲ. ಈದ್ ದಿನ ಸ್ನಾನ ಮಾಡಿ, ಇರುವುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಖರ್ಜೂರ ತಿಂದು ನಮಾಝಿಗೆ ಹೊರಡುವುದು ಸುನ್ನತ್.

ಆದರೆ ವರ್ಷವಿಡೀ ಅಕ್ಕಿ, ಬೇಳೆ, ಎಣ್ಣೆಯನ್ನು ಓಣಿಯ ಕಿರಾಣಿ ಅಂಗಡಿಯಿಂದ ಉದ್ರಿ ತರುತ್ತೇವೆ. ‘ಅಡಿಕೆ ಮಾರಲಿ’, ‘ಮೆಕ್ಕೆಜೋಳದ ದುಡ್ಡು ಬರಲಿ’ ಎನ್ನುತ್ತೇವೆ. ಹಬ್ಬಕ್ಕೆ ಕೈಗೆ ದುಡ್ಡು ಬಂದೊಡನೆ ದಾವಣಗೆರೆ, ಶಿವಮೊಗ್ಗದ ಬಸ್ಸು ಹತ್ತುತ್ತೇವೆ, ಇಲ್ಲವೇ ಮೊಬೈಲಿನಲ್ಲಿ ತರಿಸುತ್ತೇವೆ. ನಗದು ದೂರದ ಪೇಟೆಗೆ, ಉದ್ರಿ ಪಕ್ಕದ ಅಂಗಡಿಗೆ! ಇದು ನ್ಯಾಯವೇ? ಅಂಗಡಿಯವರು ಬಾಯಿಬಿಟ್ಟು ಕೇಳುವುದಿಲ್ಲ. ‘ಹಬ್ಬ ಮುಗೀಲಿ ಬಿಡಿ ಭಾಯ್’ ಎನ್ನುತ್ತಾರೆ. ಅದು ಅವರ ಸಂಕೋಚ. ನಮ್ಮ ಸಾಲ ಮನ್ನಾ ಆಯಿತೆಂದಲ್ಲ.

2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ನಮ್ಮ ಈದ್. ಅಂಗಡಿಯವರು ಎರಡು ಹಬ್ಬಗಳಿಗೂ ಒಟ್ಟಿಗೇ ಸರಕು ತುಂಬಬೇಕಾಯಿತು. ಸಗಟು ವ್ಯಾಪಾರಿಗೆ ಅವರೂ ದುಡ್ಡು ಕಟ್ಟಬೇಕಲ್ಲವೇ? ನಮ್ಮ ಬಾಕಿ ನಿಂತರೆ ಅವರ ಮನೆಯ ಹಬ್ಬ ಸಪ್ಪೆಯಾಗುತ್ತದೆ.

ಉದ್ರಿ ತರುವುದು ಹರಾಮ್ ಅಲ್ಲ. ಪ್ರವಾದಿವರ್ಯರು(ಸ) ಒಬ್ಬ ಯಹೂದಿಯಿಂದ ಧಾನ್ಯವನ್ನು ಸಾಲವಾಗಿ ಕೊಂಡು, ತಮ್ಮ ಕಬ್ಬಿಣದ ಕವಚವನ್ನು ಒತ್ತೆ ಇಟ್ಟಿದ್ದರೆಂದು ಬುಖಾರಿಯಲ್ಲಿದೆ. ಅಂಗಡಿಯವರು ಯಾವ ಧರ್ಮದವರಾದರೂ ಅವರ ಹಕ್ಕು ಹಕ್ಕೇ. ಕುರ್‌ಆನಿನ ಅತಿ ದೀರ್ಘ ಸೂಕ್ತ (2:282) ಸಾಲವನ್ನು ಬರೆದಿಡುವ ಕುರಿತೇ ಇದೆ. ಕೊಡುವ ಶಕ್ತಿಯಿದ್ದೂ ಮುಂದೂಡುವುದು ಅನ್ಯಾಯವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಆದ್ದರಿಂದ ಚೀಟಿ ಹಿಡಿದು ಹೊರಡುವ ಮೊದಲು ಉದ್ರಿ ಪುಸ್ತಕ ತೆಗೆಸಿ ಲೆಕ್ಕ ನೋಡಿ. ಪೂರ್ತಿ ಆಗದಿದ್ದರೆ ಆದಷ್ಟು ಕೊಟ್ಟು, ಉಳಿದದ್ದಕ್ಕೆ ದಿನ ಹೇಳಿ ಬರೆಸಿ. ಹೊಸ ಬಟ್ಟೆ ಒಂದು ಜೊತೆ ಕಡಿಮೆಯಾದರೆ ಈದ್ ಕಡಿಮೆಯಾಗದು. ಅಂಗಡಿಯಿಟ್ಟಿರುವ ಸಹೋದರರೇ, ನೀವೂ ತೂಕದಲ್ಲಿ ಅಲ್ಲಾಹನನ್ನು ಭಯಪಡಿರಿ. ನಿಜವಾಗಿಯೂ ಕಷ್ಟದಲ್ಲಿರುವವರಿಗೆ ಕಾಲಾವಕಾಶ ಕೊಡಿರೆಂಬುದು ಕುರ್‌ಆನಿನ ಆಜ್ಞೆ (2:280).

ಉದ್ರಿ ಕೇಳಲೂ ಧೈರ್ಯವಿಲ್ಲದ ಬಡವರೂ ನಮ್ಮ ಓಣಿಯಲ್ಲಿದ್ದಾರೆ. ಅವರಿಗಾಗಿಯೇ ಫಿತ್ರಾ. ಹನಫಿ ಮದ್‌ಹಬಿನಂತೆ, ಅನುಕೂಲವಿದ್ದವನು ತನ್ನ ಮತ್ತು ಚಿಕ್ಕ ಮಕ್ಕಳ ಪರವಾಗಿ ತಲಾ ಅರ್ಧ ಸಾಅ್ ಗೋಧಿ ಅಥವಾ ಅದರ ಬೆಲೆ ಕೊಡಬೇಕು. ಅದನ್ನು ಈದ್‌ಗಾಹಿನ ಬಾಗಿಲಲ್ಲಿ ಕೊಟ್ಟರೆ ಆ ತಾಯಿ ಶ್ಯಾವಿಗೆ ತರುವುದು ಯಾವಾಗ, ಬೇಯಿಸುವುದು ಯಾವಾಗ? ಇಬ್ನು ಉಮರ್(ರ) ಒಂದೆರಡು ದಿನ ಮೊದಲೇ ಕೊಡುತ್ತಿದ್ದರು. ನೀವೂ ಹಾಗೆಯೇ ಕೊಡಿ. ಅವರೂ ಅದೇ ಅಂಗಡಿಗೆ ನಗದು ಹಿಡಿದು, ತಲೆಯೆತ್ತಿ ಹೋಗಲಿ.

ಅಲ್ಲಾಹನು ನಮ್ಮ ಉಪವಾಸಗಳನ್ನು ಸ್ವೀಕರಿಸಲಿ, ಯಾರ ಬಾಕಿಯನ್ನೂ ನಮ್ಮ ಕೊರಳಲ್ಲಿ ಉಳಿಸದಿರಲಿ. ಆಮೀನ್.