ಜಿಂಕೆಯ ಕೂದಲು, ಬಾಸಿಂಗದ ಬೆಂಡು

ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಎರಡನೆಯ ಸಿಂಪಡಣೆ ಎಲ್ಲರ ತೋಟದಲ್ಲೂ ಮುಗಿದಿರಬೇಕೆಂಬ ಧೈರ್ಯದಿಂದ ಈ ಸಲ ಬೇರೊಂದು ವಿಷಯ ಬರೆಯುತ್ತಿದ್ದೇನೆ. ಸದಸ್ಯ ಬಾಂಧವರು ಮನ್ನಿಸಬೇಕು.

ನಮ್ಮ ಹಿರೇಕೆರೂರು ಸೀಮೆಯ ಕೆರೆಗಳಲ್ಲಿ ಕೊರವ ಮೀನಿಗೆ ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವ ರೂಢಿಯುಂಟು. ನನಗದು ಎಂದೂ ಹಿಡಿಸಲಿಲ್ಲ. ಹೋದ ವರ್ಷ ಕೊಡಗಿನ ಕಾಫಿ ಬೆಳೆಗಾರ ಮಿತ್ರರೊಬ್ಬರು ವಿದೇಶದಿಂದ ಬಂದ ಕೃತಕ ಕಪ್ಪೆಯೊಂದನ್ನು ತೋರಿಸಿದರು. ಮೈಯೆಲ್ಲ ಜಿಂಕೆಯ ಕೂದಲು. ನೀರಿಗೆ ಹಾಕಿದರೆ ಮುಳುಗದು.

ಗುಟ್ಟು ಇಷ್ಟೆ. ಚಳಿದೇಶದ ಜಿಂಕೆಯ ಮೈಗೂದಲಿನ ಒಳಗೆ ಗಾಳಿ ತುಂಬಿದ ಸಣ್ಣ ಕೋಶಗಳಿರುತ್ತವೆ. ಪೆನ್ಸಿಲ್ ಗಾತ್ರದ ಒಂದು ಹಿಡಿ ಕೂದಲನ್ನು, ಬುಡದ ನವಿರನ್ನು ಬಾಚಿ ತೆಗೆದು, ಗಾಳದ ಮೇಲಿಟ್ಟು ದಾರವನ್ನು ಸಡಿಲವಾಗಿ ಎರಡು ಸುತ್ತು ಸುತ್ತಬೇಕು. ಮೂರನೆಯ ಸುತ್ತಿಗೆ ಬಿಗಿಯಾಗಿ ಎಳೆದರೆ ಕೂದಲು ಕದಂಬದ ಹೂವಿನಂತೆ ಸುತ್ತಲೂ ನಿಮಿರುತ್ತದೆ. ಅದನ್ನು ಹಿಂದಕ್ಕೆ ಒತ್ತಿ ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಕೊನೆಗೆ ಬ್ಲೇಡಿನಿಂದ ಕಪ್ಪೆಯ ಆಕಾರಕ್ಕೆ ಕತ್ತರಿಸುವುದು. 1930ರ ದಶಕದಲ್ಲಿ ಡಾನ್ ಗ್ಯಾಪೆನ್ ಎಂಬಾತ ಕೆನಡಾದ ನಿಪಿಗಾನ್ ನದಿಗಾಗಿ ಕಟ್ಟಿದ ‘ಮಡ್ಲರ್ ಮಿನ್ನೋ’ ಎಂಬ ಹೆಸರಾಂತ ಹುಸಿಮೀನಿನ ತಲೆಯೂ ಇದೇ ರೀತಿಯದು.

ಮನೆಗೆ ಬಂದು ಮೇಕೆಯ ಕೂದಲಿನಿಂದ ಕಟ್ಟಿ ನೋಡಿದೆ. ಅದು ನಿಮಿರಲಿಲ್ಲ, ತೇಲಲೂ ಇಲ್ಲ. ಒದ್ದೆ ಬತ್ತಿಯಂತೆ ತಳ ಸೇರಿತು. ನನ್ನ ಪಾಡು ನೋಡಿದ ತೋಟದ ಆಳೊಬ್ಬ, “ಗೌಡ್ರ, ನಾಯಿ ಹಿಡದ್ ಜಿಂಕಿ ತೊಗಲು ಒಂದ್ ಐತ್ರಿ, ತರ್ಲೇನ್ರಿ?” ಎಂದ. ಒಂದು ಗಳಿಗೆ ಆಸೆಯಾದದ್ದು ಸುಳ್ಳಲ್ಲ.

ಬೇಡವೆಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಬು, ಚರ್ಮಗಳ ಜೊತೆಗೆ ಕೂದಲನ್ನೂ ಹೆಸರಿಸಿದೆ. ಸತ್ತು ಸಿಕ್ಕಿದ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತೇ. ಕೈಸೇರಿದ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ನಾಯಿ ಹಿಡಿದದ್ದು ಎಂದರೆ ಬಿಡುಗಡೆಯಿಲ್ಲ. ತೋಟದ ಮನೆಯ ಗೋಡೆಗೆ ಹಳೆಯ ಕೊಂಬು ತೂಗುಹಾಕಿರುವ ಸದಸ್ಯರೂ ಇದನ್ನು ಗಮನಿಸುವುದು ಒಳ್ಳೆಯದು. ಆಳಿಗೆ ವಿಷಯ ತಿಳಿಸಿ, ಅರಣ್ಯದವರಿಗೆ ಒಪ್ಪಿಸಲು ನಾನೇ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ.

ಪರಿಹಾರ ಸಿಕ್ಕಿದ್ದು ಮದುವೆಮನೆಯಲ್ಲಿ. ಬಾಸಿಂಗ ಮಾಡುವ ಬೆಂಡನ್ನು ಕಂಡಾಗ, ತೇಲಬೇಕಾದದ್ದು ಇದೇ ಅಲ್ಲವೇ ಎನಿಸಿತು. ಹೆಬ್ಬೆರಳಿನಷ್ಟು ಬೆಂಡನ್ನು ಕೆತ್ತಿ, ಸೀಳಿ, ಗಾಳಕ್ಕೆ ಅಂಟಿಸಿ ನೈಲಾನ್ ದಾರದಿಂದ ಬಿಗಿದೆ. ಕಾಲುಗಳಿಗೆ ಅದೇ ಮೇಕೆಯ ಕೂದಲು. ಬೆಂಡು ನೀರು ಹೀರುವುದರಿಂದ ಎರಡು ಕೈ ವಾರ್ನಿಷ್ ಅವಶ್ಯ. ಮೊದಲ ಮೂರು ಕಪ್ಪೆಗಳು ಈ ತಿಳಿವಳಿಕೆಗೇ ಬಲಿಯಾದವು.

ನಾಲ್ಕನೆಯದನ್ನು, ಕೆರೆ ಗುತ್ತಿಗೆ ಹಿಡಿದವರನ್ನು ಕೇಳಿಕೊಂಡು, ತಾವರೆ ಎಲೆಗಳ ಅಂಚಿಗೆ ಎಸೆದೆ. ಕೊರವ ಉಸಿರಿಗಾಗಿ ಮೇಲೆ ಬರುವ ಮೀನು. ಎರಡು ಸಲ ಜಗ್ಗುವಷ್ಟರಲ್ಲಿ ನೀರು ಸಿಡಿಯಿತು. ಮೀನು ದಕ್ಕಲಿಲ್ಲ, ಕಪ್ಪೆಯ ಒಂದು ಕಾಲೂ ಹೋಯಿತು. ಕೆಂಪು ಮರಿಗಳ ಹಿಂಡು ಕಂಡಲ್ಲಿ ಮಾತ್ರ ಗಾಳ ಹಾಕಬೇಡಿ, ಕೆಳಗೆ ತಾಯಿತಂದೆ ಕಾವಲಿರುತ್ತವೆ.

ಐದನೆಯ ಕಪ್ಪೆ ಸಂಘದ ಕಚೇರಿಯಲ್ಲಿ ನನ್ನ ಮೇಜಿನ ಮೇಲಿದೆ. ಗೊಬ್ಬರದ ಚೀಟಿಗೆ ಬಂದವರು ನೋಡಬಹುದು.