ಕಪಾಟಿನ ಬೀಗದ ಕೈ

ಅಮೆರಿಕದ ಮೈಕ್ರೋಸಾಫ್ಟ್ ಎಂಬ ಮಹಾಸಂಸ್ಥೆಯಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಜಾನ್ ವುಡ್ ಎಂಬವರು ೧೯೯೮ರಲ್ಲಿ ನೇಪಾಳದ ಬೆಟ್ಟಗಳಲ್ಲಿ ಸಂಚರಿಸುತ್ತ ಒಂದು ಪಾಠಶಾಲೆಯನ್ನು ಕಂಡರು. ಅಲ್ಲಿಯ ಪುಸ್ತಕಭಂಡಾರದಲ್ಲಿದ್ದುವು ಯಾತ್ರಿಕರು ಬಿಟ್ಟುಹೋದ ಕೆಲವೇ ಗ್ರಂಥಗಳು. ಅವೂ ಮಕ್ಕಳ ಕೈಯಲ್ಲಿ ಹಾಳಾದಾವೆಂದು ಬೀಗದೊಳಗೆ! ಮರುವರ್ಷ ಅವರು ಪುಸ್ತಕಗಳ ಹೊರೆಯೊಡನೆ ಅಲ್ಲಿಗೆ ಮರಳಿದರು, ಉದ್ಯೋಗವನ್ನೂ ಬಿಟ್ಟರು. ೨೦೦೦ದಲ್ಲಿ ಜೊತೆಗಾರರೊಡನೆ ಸ್ಥಾಪಿಸಿದ ‘ರೂಮ್ ಟು ರೀಡ್’ ಸಂಸ್ಥೆಯು ನಮ್ಮ ದೇಶದಲ್ಲಿಯೂ ಗ್ರಂಥಾಲಯಗಳನ್ನು ತೆರೆದಿದೆ.

ಸಂಬಳವು ತೃಣಸಮಾನವೆಂದು ನಾನು ಹೇಳಲಾರೆ; ಸಂಸಾರಿಗಳಾದ ವಾಚಕರಿಗೆ ಅದರ ಬೆಲೆ ಗೊತ್ತು. ನನ್ನನ್ನು ಕಾಡುವುದು ಆ ಬೀಗ. ನಮ್ಮ ಶಾಲೆಯ ಕಪಾಟಿನ ಬೀಗದ ಕೈ ಬಹುಕಾಲ ನನ್ನಲ್ಲಿಯೇ ಇದ್ದಿತು. ನಿವೃತ್ತನಾದ ದಿನ, ಒಂದು ಪುಸ್ತಕವೂ ಕಳೆದಿಲ್ಲವೆಂದು ಲೆಕ್ಕವೊಪ್ಪಿಸಿ, ಧನ್ಯನಾದೆನೆಂದುಕೊಂಡೆನು. ಅವುಗಳಲ್ಲಿ ಎಷ್ಟನ್ನೋ ಯಾವ ಬಾಲಕನೂ ಮುಟ್ಟಿಯೇ ಇರಲಿಲ್ಲ.